ಬಂದ ಕಿಡ್ನಿಗೆ ಮೈಯೊಳಗೆ ಜಾಗ ಸಿಕ್ಕೀತೇ?

ಬೆಳಿಗ್ಗೆ ಎಂಟು, ರಾತ್ರಿ ಎಂಟು. ಕಿಡ್ನಿ ಕಸಿ ಮಾಡಿಸಿಕೊಂಡ ಅನೇಕರ ಗಡಿಯಾರ ಓಡುವುದು ಹೀಗೆ. ಅಂಗಡಿಯಲ್ಲಿ ಗಿರಾಕಿ ಇರಲಿ, ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತಿರಲಿ, ಹೊತ್ತಿಗೆ ಸರಿಯಾಗಿ ಮಾತ್ರೆ ಹೊಟ್ಟೆಗೆ ಬೀಳಲೇಬೇಕು. ಪದೇ ಪದೇ ತಪ್ಪಿತೋ, ಹೆತ್ತ ತಾಯಿ ಕೊಟ್ಟ ಕಿಡ್ನಿಯನ್ನೂ ಮೈ ‘ನೀನ್ಯಾರಯ್ಯಾ?’ ಅಂತ ಕೇಳುತ್ತದೆ!

ಅದು ಮೈಯ ತಪ್ಪಲ್ಲ. ರಕ್ತದ ಬಿಳಿ ಕಣಗಳು ಊರ ಕಾವಲುಗಾರರಿದ್ದಂತೆ. ಹೊರಗಿನವ ಅಂದರೆ ಏಟೇ. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡಾ. ಜೋಸೆಫ್ ಮರ್ರೇ ಮಾಡಿದ ಕಿಡ್ನಿ ಕಸಿ ಗೆದ್ದದ್ದು, ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದರಿಂದ. ಎಲ್ಲರಿಗೂ ಅವಳಿ ಎಲ್ಲಿಂದ ತರೋಣ?

1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಬಂತು, ಆಮೇಲೆ ಟ್ಯಾಕ್ರೋಲಿಮಸ್. ಎರಡೂ ಕಾವಲುಗಾರರಿಗೆ ಮಂಪರು ಬರಿಸುವ ಮದ್ದುಗಳೇ. ಕಸಿ ಉಳಿಯಿತು, ನಿಜ. ಆದರೆ ಕಾವಲು ಮಲಗಿದ ಊರಿಗೆ ಕಳ್ಳರೂ ನುಗ್ಗುತ್ತಾರಲ್ಲ? ಸೋಂಕು, ಸಕ್ಕರೆ ಕಾಯಿಲೆ, ಕೆಲವು ಬಗೆಯ ಕ್ಯಾನ್ಸರಿನ ಭಯ. ಸಾಲದ್ದಕ್ಕೆ ವರ್ಷಗಟ್ಟಲೆ ನುಂಗಿದರೆ ಈ ಮದ್ದುಗಳೇ ಕಿಡ್ನಿಗೂ ಪೆಟ್ಟು ಕೊಡಬಲ್ಲವು. ಬೇಲಿಯೇ ಹೊಲ ಮೇಯ್ದಂತೆ.

ಇದಕ್ಕೆ ವಿಜ್ಞಾನಿಗಳು ಹುಡುಕುತ್ತಿರುವ ಉಪಾಯವೇ ನ್ಯಾನೋ ಕಣ. ಒಂದು ಮಿಲಿಮೀಟರನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರು. ಅಂಥ ಕೆಲವು ನೂರು ಪಾಲಿನಷ್ಟು ಗಾತ್ರದ ಕಣದೊಳಗೆ ಮದ್ದು ತುಂಬಿ, ಮೇಲೆ ‘ವಿಳಾಸ’ ಅಂಟಿಸುತ್ತಾರೆ. ಊರಿಗೆಲ್ಲ ಡಂಗುರ ಹೊಡೆಯುವ ಬದಲು ಒಂದೇ ಮನೆಗೆ ಕಾಗದ ಹಾಕಿದಂತೆ.

2017ರಲ್ಲಿ ಅಮೆರಿಕದ ಯೇಲ್ ಮತ್ತು ಇಂಗ್ಲೆಂಡಿನ ಕೇಂಬ್ರಿಡ್ಜಿನವರು, ಕಸಿಗೆ ಬೇಡವೆಂದು ಬಿಟ್ಟ ಮನುಷ್ಯರ ಕಿಡ್ನಿಗಳನ್ನು ಯಂತ್ರಕ್ಕೆ ಜೋಡಿಸಿ, ಬೆಚ್ಚಗಿಟ್ಟು ಈ ಕಣಗಳನ್ನು ಹರಿಸಿದರು. ವಿಳಾಸ ಹೊತ್ತ ಕಣಗಳು ರಕ್ತನಾಳದ ಒಳಗೋಡೆಗೆ ಹೋಗಿ ಅಂಟಿದವು. ಕಾವಲುಗಾರರು ಮೊದಲು ಜಗಳ ತೆಗೆಯುವುದು ಅಲ್ಲೇ! ಕಿಡ್ನಿ ಮೈಗೆ ಸೇರುವ ಮೊದಲೇ ಮದ್ದು ಹಚ್ಚಿಬಿಡುವ ಲೆಕ್ಕಾಚಾರ ಇದು. ಇನ್ನೊಂದು ದಾರಿಯಲ್ಲಿ, ದಾನಿಯ ಗುರುತನ್ನೇ ಕಣಕ್ಕೆ ಅಂಟಿಸಿ ‘ಇವನು ನಮ್ಮವನು’ ಅಂತ ಮೈಗೆ ಪಾಠ ಹೇಳುತ್ತಾರೆ. ಇಲಿಗಳಲ್ಲಿ ಇದು ಫಲ ಕೊಟ್ಟಿದೆ.

ಹಾಗಂತ ಮೆಡಿಕಲ್ ಶಾಪಿಗೆ ಓಡಬೇಡಿ. ಇದಿನ್ನೂ ಪ್ರಯೋಗಶಾಲೆಯ ಮಾತು. ‘ನ್ಯಾನೋ ಔಷಧಿ, ಮಾತ್ರೆ ಬಿಟ್ಟುಬಿಡಿ’ ಅಂತ ಯಾರಾದರೂ ಬಂದರೆ ಜೇಬು ಭದ್ರ. ಆದರೆ ನಮಗೇಕೆ ಅನ್ನುವಂತೆಯೂ ಇಲ್ಲ. ಕಸಿ ಕೆಟ್ಟವರು ಮತ್ತೆ ಡಯಾಲಿಸಿಸ್‌ಗೆ ಹೋಗಬೇಕು, ಮತ್ತೆ ‘ಜೀವಸಾರ್ಥಕತೆ’ಯ ಸರತಿಯಲ್ಲಿ ನಿಲ್ಲಬೇಕು. ಒಂದು ಕಿಡ್ನಿ ಹೆಚ್ಚು ವರ್ಷ ಬಾಳಿದರೆ ಹಿಂದೆ ನಿಂತವರಿಗೆ ಒಂದು ಹೆಜ್ಜೆ ಮುಂದೆ.

ಅಲ್ಲಿಯವರೆಗೆ ಎಂಟು ಗಂಟೆ ಅಂದರೆ ಎಂಟೇ ಗಂಟೆ.