ನೇರ ಪ್ರಸಾರ ನಿಂತಾಗ ಪರಿಶೀಲಿಸಬೇಕಾದ ಅಂಶಗಳು

ಗ್ರಾಮ ಪಂಚಾಯತಿ ಸದಸ್ಯರ ತರಬೇತಿ, ಯೋಜನೆಗಳ ಕುರಿತ ಸಂವಾದ, ಇಲಾಖಾ ಕಾರ್ಯಕ್ರಮಗಳು ಈಗ ಅಂತರ್ಜಾಲದ ನೇರ ಪ್ರಸಾರದ ಮೂಲಕವೂ ಪಂಚಾಯತಿ ಸಭಾಂಗಣವನ್ನು ತಲುಪುತ್ತಿವೆ. ವೀಕ್ಷಣೆಗೆ ಬರುವ ಸದಸ್ಯರಲ್ಲಿ ಹಲವರು ಅಂದಿನ ಕೂಲಿಯನ್ನು ಬಿಟ್ಟು ಬಂದಿರುತ್ತಾರೆ. ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇದ್ದರೆ ಸಭಾಂಗಣ ಬೇಗನೆ ಬರಿದಾಗುತ್ತದೆ. ಸದಸ್ಯರಿಗೆ ತಲುಪದ ಮಾಹಿತಿ ಫಲಾನುಭವಿಗೂ ತಲುಪುವುದಿಲ್ಲ. ಆದುದರಿಂದ ದೋಷವನ್ನು ಕ್ರಮವಾಗಿ ಪತ್ತೆಹಚ್ಚುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ದೋಷ ಎಲ್ಲಿದೆ?

ಮೊದಲೇ ಚಿತ್ರೀಕರಿಸಿದ ವಿಡಿಯೋದ ಮುಂದಿನ ಭಾಗವನ್ನು ಕಂಪ್ಯೂಟರ್ ಮುಂಚಿತವಾಗಿ ತರಿಸಿಟ್ಟುಕೊಳ್ಳಬಲ್ಲದು. ನೇರ ಪ್ರಸಾರದಲ್ಲಿ ಮುಂದಿನ ಭಾಗ ಇನ್ನೂ ಸಿದ್ಧವಾಗಿಯೇ ಇರುವುದಿಲ್ಲ. ಆ ಕಾರಣ ಸಂಪರ್ಕದ ಸಣ್ಣ ಏರುಪೇರೂ ಪರದೆಯ ಮೇಲೆ ಬೇಗನೆ ಕಾಣಿಸುತ್ತದೆ.

ಮೊದಲಿಗೆ ಒಂದು ಮೊಬೈಲಿನಲ್ಲಿ ವೈಫೈ ಆರಿಸಿ, ಮೊಬೈಲ್ ಡೇಟಾ ಬಳಸಿ ಅದೇ ಲಿಂಕ್ ತೆರೆಯಿರಿ. ಅಲ್ಲಿಯೂ ಬಾರದಿದ್ದರೆ ಪ್ರಸಾರ ಆರಂಭವಾಗಿಲ್ಲ ಅಥವಾ ಲಿಂಕ್ ತಪ್ಪಾಗಿದೆ ಎಂಬ ಸಾಧ್ಯತೆ ಹೆಚ್ಚು. ತಾಲ್ಲೂಕು ಪಂಚಾಯತಿಯನ್ನು ವಿಚಾರಿಸಿ. ಮೊಬೈಲಿನಲ್ಲಿ ಬಂದರೆ ದೋಷ ನಮ್ಮ ಕಚೇರಿಯ ಸಂಪರ್ಕದಲ್ಲಿ ಅಥವಾ ಕಂಪ್ಯೂಟರಿನಲ್ಲಿದೆ.

ಸಂಪರ್ಕದ ಪರಿಶೀಲನೆ

ಭಾರತ್‌ನೆಟ್ ಸಂಪರ್ಕವಿರುವ ಕಚೇರಿಯಲ್ಲಿ ಫೈಬರ್ ಕೇಬಲ್ ಬಂದು ಸೇರುವ ಓ.ಎನ್.ಟಿ. ಪೆಟ್ಟಿಗೆಯನ್ನು ನೋಡಿ. ಸಾಮಾನ್ಯವಾಗಿ 'ಪಿ.ಓ.ಎನ್.' ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಫೈಬರ್ ಮಾರ್ಗ ಸರಿಯಿದೆ. 'ಎಲ್.ಓ.ಎಸ್.' ದೀಪ ಕೆಂಪಾಗಿದ್ದರೆ ಬೆಳಕಿನ ಸಂಕೇತ ಬರುತ್ತಿಲ್ಲ. ಪೆಟ್ಟಿಗೆಯನ್ನು ಎಷ್ಟು ಬಾರಿ ಆರಿಸಿ ಹಚ್ಚಿದರೂ ತುಂಡಾದ ಕೇಬಲ್ ಕೂಡುವುದಿಲ್ಲ, ದೂರು ದಾಖಲಿಸಬೇಕು. ಫೈಬರನ್ನು ಬಿಗಿಯಾಗಿ ಮಡಚಬಾರದು. ಬಿಚ್ಚಿದ ತುದಿಯೊಳಗೆ ಇಣುಕಬಾರದು, ಏಕೆಂದರೆ ಅದರಲ್ಲಿ ಹರಿಯುವ ಲೇಸರ್ ಕಣ್ಣಿಗೆ ಕಾಣುವುದಿಲ್ಲ.

ಯು.ಪಿ.ಎಸ್.ಗೆ ಕಂಪ್ಯೂಟರ್ ಮಾತ್ರ ಜೋಡಿಸಿದ್ದು, ಓ.ಎನ್.ಟಿ. ಹಾಗೂ ಸ್ವಿಚ್ ಹೊರಗುಳಿದಿದ್ದರೆ ವಿದ್ಯುತ್ ಹೋದೊಡನೆ ಪ್ರಸಾರವೂ ನಿಲ್ಲುತ್ತದೆ. ಮೂರನ್ನೂ ಯು.ಪಿ.ಎಸ್.ಗೆ ಜೋಡಿಸಿ.

ಪೆಟ್ಟಿಗೆ ಒಂದು ಕೊಠಡಿಯಲ್ಲಿ, ಸಭಾಂಗಣ ಇನ್ನೊಂದು ಕಡೆ ಇದ್ದರೆ ಗೋಡೆಗಳು ವೈಫೈ ಸಂಕೇತವನ್ನು ಕುಗ್ಗಿಸುತ್ತವೆ. ಸಭೆಯ ದಿನ ಲ್ಯಾನ್ ಕೇಬಲ್ ಬಳಸುವುದು ಸೂಕ್ತ. 100 ಮೀಟರ್‌ವರೆಗೆ ಅದನ್ನು ಎಳೆಯಬಹುದು.

ವೇಗ ಮತ್ತು ಗುಣಮಟ್ಟ

ಯೂಟ್ಯೂಬ್ ಸೂಚಿಸುವಂತೆ 1080 ಪಿ ಗುಣಮಟ್ಟಕ್ಕೆ ಸುಮಾರು 5 ಎಂ.ಬಿ.ಪಿ.ಎಸ್., 720 ಪಿ.ಗೆ 2.5, 480 ಪಿ.ಗೆ 1.1 ಹಾಗೂ 360 ಪಿ.ಗೆ 0.7 ಎಂ.ಬಿ.ಪಿ.ಎಸ್. ವೇಗ ನಿರಂತರವಾಗಿ ದೊರೆಯಬೇಕು. ವೇಗ ಕಡಿಮೆ ಇದ್ದಾಗ ಸೆಟ್ಟಿಂಗ್ಸ್‌ನಲ್ಲಿ 480 ಅಥವಾ 360 ಪಿ ಆಯ್ದುಕೊಳ್ಳಿ. ಚಿತ್ರ ಕೊಂಚ ಮಸುಕಾದರೂ ಮಾತು ತಡೆಯಿಲ್ಲದೆ ಕೇಳಿಸಿದರೆ ತರಬೇತಿಯ ಉದ್ದೇಶ ಈಡೇರುತ್ತದೆ. ಆ ಅವಧಿಯಲ್ಲಿ ಇತರ ಕಂಪ್ಯೂಟರ್‌ಗಳ ಅಪ್‌ಡೇಟ್ ಮತ್ತು ದೊಡ್ಡ ಕಡತಗಳ ಅಪ್‌ಲೋಡ್ ನಿಲ್ಲಿಸಿ.

ಕಂಪ್ಯೂಟರ್‌ನ ದಿನಾಂಕ

ಹಳೆಯ ಕಂಪ್ಯೂಟರಿನ ಮದರ್‌ಬೋರ್ಡ್ ಬ್ಯಾಟರಿ ಮುಗಿದಿದ್ದರೆ ವಿದ್ಯುತ್ ಹೋಗಿ ಬಂದಾಗ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಸರಿಯುತ್ತದೆ. ಆಗ ಜಾಲತಾಣದ ಭದ್ರತಾ ಪ್ರಮಾಣಪತ್ರವನ್ನು ಬ್ರೌಸರ್ ಒಪ್ಪದೆ, 'ಸಂಪರ್ಕ ಸುರಕ್ಷಿತವಲ್ಲ' ಎಂಬ ಸಂದೇಶ ತೋರಿಸುತ್ತದೆ. ದಿನಾಂಕ, ವೇಳೆ ಸರಿಪಡಿಸಿದರೆ ಸಾಕು. ವಿಂಡೋಸ್ 7 ಇರುವ ಕಂಪ್ಯೂಟರ್‌ಗಳಿಗೆ 2023ರಿಂದ ಕ್ರೋಮ್‌ನ ಹೊಸ ಆವೃತ್ತಿಗಳು ದೊರೆಯುತ್ತಿಲ್ಲ. ಪ್ರಸಾರಕ್ಕೆ ಅವುಗಳನ್ನು ಬಳಸದಿರುವುದು ಲೇಸು.

ಚಿತ್ರ ಬಂದು ಧ್ವನಿ ಬಾರದಿದ್ದರೆ, ಪ್ರಸಾರದ ಪರದೆಯಲ್ಲಿ ಧ್ವನಿ ಮ್ಯೂಟ್ ಆಗಿದೆಯೇ ಎಂದೂ, ಧ್ವನಿಯ ಔಟ್‌ಪುಟ್ ಟಿ.ವಿ.ಗೋ ಸ್ಪೀಕರಿಗೋ ಎಂದೂ ನೋಡಿ.

ಪೂರ್ವಸಿದ್ಧತೆ

ಹಿಂದಿನ ದಿನವೇ ಅದೇ ಕೊಠಡಿಯಲ್ಲಿ, ಅದೇ ಕಂಪ್ಯೂಟರಿನಲ್ಲಿ ಯಾವುದಾದರೊಂದು ನೇರ ಪ್ರಸಾರವನ್ನು 15 ನಿಮಿಷ ನಡೆಸಿ ನೋಡಿ. ಪರ್ಯಾಯವಾಗಿ ಒಂದು ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ. ಮೇಲಿನ ಲೆಕ್ಕದಂತೆ ಗಂಟೆಗೆ 360 ಪಿ.ಗೆ ಸುಮಾರು 315 ಎಂ.ಬಿ., 720 ಪಿ.ಗೆ ಸುಮಾರು 1.1 ಜಿ.ಬಿ. ಡೇಟಾ ಬೇಕಾಗುತ್ತದೆ.

ದೂರು ನೀಡುವಾಗ 'ನೆಟ್ ಇಲ್ಲ' ಎಂದಷ್ಟೇ ಬರೆಯದೆ ದಿನಾಂಕ, ವೇಳೆ, ಉರಿಯುತ್ತಿದ್ದ ದೀಪ ಹಾಗೂ ಮೊಬೈಲ್ ಪರೀಕ್ಷೆಯ ಫಲಿತಾಂಶವನ್ನು ನಮೂದಿಸಿ, ಪ್ರತಿಯನ್ನು ಕಡತದಲ್ಲಿರಿಸಿ. ತಂತ್ರಜ್ಞರು ಯಾವ ಉಪಕರಣದೊಂದಿಗೆ ಬರಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ