ಅಬ್ಬಿಯ ನೀರು, ನಲ್ಲಿಯ ನೀರು

ಮುಂಗಾರಿನಲ್ಲಿ ಕೊಡೆ ಮಡಿಸಲೂ ಬಿಡುವು ಸಿಗದ ಊರಿಗೆ ಹೋಗಿ ‘ನೀರು ಉಳಿಸಿ’ ಎಂದರೆ ಜನ ನಗುತ್ತಾರೆ. ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಅಂಥ ಊರು. ಆದರೆ ವಿದ್ಯಾರ್ಥಿ ಮಿತ್ರರೆ, ಆ ನಗುವಿನ ಹಿಂದೆ ಹಳೆಯ ಅಭ್ಯಾಸವೊಂದಿದೆ. ಅದನ್ನು ತಿಳಿಯದೆ ಬುದ್ಧಿ ಹೇಳಹೊರಡುವುದು ಸರಿಯಲ್ಲ.

ಮಲೆನಾಡಿನ ಎಷ್ಟೋ ಮನೆಗಳಿಗೆ ಹಿಂದೆ ನೀರು ಬರುತ್ತಿದ್ದುದು ಗುಡ್ಡದ ಒರತೆಯಿಂದ. ಅಡಿಕೆ ಮರದ ದಬ್ಬೆಯಲ್ಲಿ, ಆಮೇಲೆ ಕಪ್ಪು ಪೈಪಿನಲ್ಲಿ ಇಳಿದು ಹಿತ್ತಿಲಿನ ತೊಟ್ಟಿಗೆ ಹಗಲಿರುಳು ಬೀಳುತ್ತಿತ್ತು. ಇದೇ ಅಬ್ಬಿ ನೀರು. ಅದನ್ನು ನಿಲ್ಲಿಸುವ ತಿರುಪು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತೊಟ್ಟಿ ತುಂಬಿ ಚೆಲ್ಲಿದ್ದು ತೋಟಕ್ಕೆ, ಅಲ್ಲಿಂದ ಹಳ್ಳಕ್ಕೆ. ನೀರನ್ನು ತರುತ್ತಿದ್ದುದು ಗುರುತ್ವಾಕರ್ಷಣೆ. ಅದಕ್ಕೆ ಬಿಲ್ಲು ಬರುವುದಿಲ್ಲವಲ್ಲ!

ನಲ್ಲಿಯ ನೀರು ಹಾಗಲ್ಲ. ಅದು ಪಂಪು ಎತ್ತಿ, ಕ್ಲೋರಿನ್ ಬೆರೆಸಿ, ನೀರುಗಂಟಿ ಹೊತ್ತು ನೋಡಿ ಬಿಡುವ ನೀರು. ನಮ್ಮ ಕೈ ಮಾತ್ರ ಇನ್ನೂ ಅಬ್ಬಿಯ ಕಾಲದ್ದು. ಬಿಂದಿಗೆ ತುಂಬಿದರೂ ನಲ್ಲಿ ನಿಲ್ಲುವುದಿಲ್ಲ.

ಇದರಿಂದ ಯಾರಿಗೆ ತೊಂದರೆ? ಏರಿನ ಮೇಲಿನ ಮನೆಗೆ. ಟ್ಯಾಂಕಿನ ನೀರಿನ ಮಟ್ಟಕ್ಕಿಂತ 10 ಮೀಟರ್ ಕೆಳಗಿರುವ ನಲ್ಲಿಗೆ ಸುಮಾರು ಒಂದು ವಾತಾವರಣದಷ್ಟು ಒತ್ತಡ ಸಿಗುತ್ತದೆ. 2 ಮೀಟರ್ ಕೆಳಗಿನದಕ್ಕೆ ಅದರ ಐದನೇ ಒಂದು ಪಾಲು ಮಾತ್ರ. ಸಾಲದ್ದಕ್ಕೆ, ಪೈಪಿನಲ್ಲಿ ನೀರು ರಭಸವಾಗಿ ಹರಿದಷ್ಟೂ ಘರ್ಷಣೆಯಿಂದ ಒತ್ತಡ ಇಳಿಯುತ್ತದೆ. ಒಂದೇ ಪೈಪಿನ ಮೇಲೆ ತಗ್ಗಿನ ನಲ್ಲಿಗಳೆಲ್ಲ ತೆರೆದಿದ್ದರೆ, ಏರಿನ ನಲ್ಲಿಯಲ್ಲಿ ಬರುವುದು ಉಸ್ಸೆಂಬ ಗಾಳಿ. ಆ ಮನೆಯ ಹುಡುಗಿ ಶಾಲೆಗೆ ಹೊರಡುವ ಮುಂಚೆ ಕೊಡ ಹಿಡಿದು ಕೆಳಗಿಳಿಯಬೇಕು. ತಗ್ಗಿನ ಮನೆಯವರಿಗೆ ಇದು ಕಾಣುವುದೇ ಇಲ್ಲ. ಅವರ ನಲ್ಲಿಯಲ್ಲಿ ಯಾವಾಗಲೂ ಧಾರಾಳ ನೀರು.

ಇಷ್ಟು ಮಳೆ ಬೀಳುವಲ್ಲಿ ಕೊರತೆ ಏಕೆ ಎಂದು ಕೇಳಬಹುದು. ಇಳಿಜಾರಿನ ನೆಲದಲ್ಲಿ ಮಳೆನೀರು ನಿಲ್ಲುವುದು ಕಡಿಮೆ. ಈ ಸೀಮೆಯಲ್ಲಿ ಅದು ಭದ್ರೆಯನ್ನೋ ಹೇಮಾವತಿಯನ್ನೋ ಸೇರಿ ಹೊರಟುಹೋಗುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಒರತೆ ಸಣ್ಣದಾಗುತ್ತದೆ. ಕಾಫಿಯ ಹೂ ಅರಳಿಸುವ ಮಳೆ ಬಾರದಿದ್ದರೆ ತೋಟಗಳಲ್ಲಿ ಸ್ಪ್ರಿಂಕ್ಲರ್ ತಿರುಗುವುದೂ ಆಗಲೇ.

ಯಗಚಿಯ ಕಥೆ ನೋಡಿ. ಅದು ಹುಟ್ಟುವುದು ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲೇ. ಬೇಲೂರಿನ ಬಳಿಯ ಅಣೆಕಟ್ಟಿಗೆ ಇಳಿದುಹೋದ ಆ ನೀರನ್ನು ಮತ್ತೆ ಮೇಲೆತ್ತಿ ಚಿಕ್ಕಮಗಳೂರು ನಗರಕ್ಕೆ ಕುಡಿಯಲು ತರುತ್ತಾರೆ! ಸಾವಿರ ಲೀಟರನ್ನು 100 ಮೀಟರ್ ಎತ್ತಲು ಲೆಕ್ಕದ ಪ್ರಕಾರ ಸುಮಾರು 0.27 ಯೂನಿಟ್ ವಿದ್ಯುತ್ ಬೇಕು. ಪಂಪು, ಪೈಪುಗಳ ನಷ್ಟ ಇದಕ್ಕೆ ಹೊರತು.

2019ರಲ್ಲಿ ಘೋಷಣೆಯಾದ ಜಲಜೀವನ ಮಿಷನ್ ಹಳ್ಳಿಯ ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನಲ್ಲಿ ನೀರು ಎಂದು ಗೊತ್ತುಮಾಡಿತು. ಈಗ ಒಂದು ಅಳತೆಯ ಪಾತ್ರೆ, ಒಂದು ಗಡಿಯಾರ ತೆಗೆದುಕೊಂಡು ನಿಮ್ಮ ಮನೆಯ ಸೋರುವ ನಲ್ಲಿಯ ಮುಂದೆ ಕುಳಿತುಕೊಳ್ಳಿ. ಸೆಕೆಂಡಿಗೆ ಒಂದು ಹನಿ ಎಂದರೆ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕು. ಇದು ಅಂಥ ದೊಡ್ಡ ಮಾತಲ್ಲ. ಆದರೆ ನಿಮಿಷಕ್ಕೆ ಅರ್ಧ ಲೀಟರ್ ಇಳಿಯುವ ತೆಳುಧಾರೆ ದಿನಕ್ಕೆ 720 ಲೀಟರ್, ಅಂದರೆ ಹದಿಮೂರು ಜನರ ಪಾಲು. ಎಷ್ಟು ಬಿಗಿದರೂ ಸೋರುವುದು ನಿಲ್ಲದಿದ್ದರೆ ಸಾಮಾನ್ಯವಾಗಿ ಒಳಗಿನ ರಬ್ಬರ್ ವಾಷರ್ ಸವೆದಿರುತ್ತದೆ. ಅದನ್ನು ನೀವೇ ಬದಲಿಸಬಹುದು. ಮೊದಲು ಮನೆಗೆ ಬರುವ ಪೈಪಿನ ವಾಲ್ವ್ ಮುಚ್ಚಿಕೊಳ್ಳಿ.