ಊಟ ತಲುಪಿಸುವ ನಮ್ಮ ಯುವಕರ ತೆರಿಗೆ ಲೆಕ್ಕ

ಮಸ್ಕಿ, ಸಿಂಧನೂರು, ಲಿಂಗಸುಗೂರು ಕಡೆಯಿಂದ ದುಡಿಮೆ ಅರಸಿ ಬೆಂಗಳೂರು, ಮಂಗಳೂರು ಸೇರಿದ ಯುವಕರಲ್ಲಿ ಹಲವರು ಇಂದು ಬೈಕಿನಲ್ಲಿ ಊಟ ತಲುಪಿಸುವ ಕೆಲಸದಲ್ಲಿದ್ದಾರೆ. ಅರ್ಜಿ ತುಂಬಿಸಲು ಚರ್ಚ್ ಕಚೇರಿಗೆ ಬಂದಾಗ ಅವರು ಕೇಳುವುದುಂಟು: "ನಮ್ಗ ಪಗಾರ ಅನ್ನೋದ ಇಲ್ರಿ, ಆದ್ರೂ ಟ್ಯಾಕ್ಸ್ ಯಾಕ ಹಿಡಿತಾರ್ರಿ?"

ತೆರಿಗೆ ಲೆಕ್ಕದಲ್ಲಿ ಇವರು ನೌಕರರಲ್ಲ, ಸ್ವಂತ ಉದ್ಯೋಗಿಗಳು. ಕಂಪನಿ ಕೊಡುವುದು ಗುತ್ತಿಗೆಯ ಹಣ. ಅದು ವರ್ಷಕ್ಕೆ 1 ಲಕ್ಷ ರೂಪಾಯಿ ಮೀರಿದರೆ ಶೇ. 1ರಷ್ಟು ಟಿಡಿಎಸ್ ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ. 20. ಇದು ಕೊನೆಯ ತೆರಿಗೆಯಲ್ಲ, ಮುಂಗಡ ಮಾತ್ರ. ರಿಟರ್ನ್ ಸಲ್ಲಿಸಿದರಷ್ಟೇ ಮರಳಿ ಸಿಗುತ್ತದೆ.

ಒಂದು ಲೆಕ್ಕ ನೋಡೋಣ. ಇನ್ಸೆಂಟಿವ್ ಸೇರಿ ತಿಂಗಳಿಗೆ 28,000 ರೂ. ಬಂದರೆ ವರ್ಷಕ್ಕೆ 3,36,000. ಟಿಡಿಎಸ್ 3,360. ಪೆಟ್ರೋಲ್, ಸರ್ವಿಸ್, ಮೊಬೈಲಿಗೆ ತಿಂಗಳಿಗೆ 9,000 ಹೋದರೆ ಉಳಿಯುವುದು 2,28,000. ಹೊಸ ಪದ್ಧತಿಯಲ್ಲಿ 2025-26ನೇ ಸಾಲಿಗೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ; ರಿಯಾಯಿತಿಯಿಂದಾಗಿ 12 ಲಕ್ಷದವರೆಗೂ ಕಟ್ಟಬೇಕಾಗುವುದಿಲ್ಲ. ಹಿಡಿದ 3,360 ಪೂರ್ತಿ ವಾಪಸ್.

ಇಲ್ಲೊಂದು ಎಡವಟ್ಟು. ಆ ಸಾಲಿಗೆ ಅನ್ವಯಿಸುವ 44ಎಡಿ ಕಲಮಿನಂತೆ, ಬ್ಯಾಂಕ್ ಮೂಲಕ ಬಂದ ಹಣದ ಕನಿಷ್ಠ ಶೇ. 6ನ್ನು ಲಾಭವೆಂದು ತೋರಿಸಿ, ಲೆಕ್ಕಪುಸ್ತಕವಿಲ್ಲದೆ ಐಟಿಆರ್-4 ಸಲ್ಲಿಸಬಹುದು. ಸೈಬರ್ ಸೆಂಟರಿನವರು ಕಣ್ಣುಮುಚ್ಚಿ ಶೇ. 6 ಹಾಕಿಬಿಟ್ಟರೆ ಮೇಲಿನ ಯುವಕನ ವರ್ಷದ ಆದಾಯ ಬರೇ 20,160 ರೂ. ಎಂದಾಗುತ್ತದೆ! ನಾಳೆ ಅವನು ಬೈಕಿಗೋ ಮನೆಗೋ ಸಾಲ ಕೇಳಲು ಹೋದರೆ ಬ್ಯಾಂಕು ನೋಡುವುದು ಇದೇ ಕಾಗದವನ್ನು. ಶೇ. 6 ಎಂಬುದು ಕೆಳಗಿನ ಮಿತಿ. ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ಹೇಗೂ ತೆರಿಗೆ ಬೀಳದಿರುವಾಗ ಮುಚ್ಚಿಡುವ ಕಾರಣವಾದರೂ ಏನು?

ಇನ್ನೊಂದು ರೂಢಿ ಇದಕ್ಕಿಂತ ಅಪಾಯದ್ದು. ಅಣ್ಣನ ಅಥವಾ ಗೆಳೆಯನ ಐಡಿಯಲ್ಲಿ ತಮ್ಮ ಗಾಡಿ ಓಡಿಸುತ್ತಾನೆ. ಆಗ ದುಡಿಮೆಯೂ ಟಿಡಿಎಸ್ಸೂ ಅಣ್ಣನ ಪ್ಯಾನಿಗೆ ಸೇರುತ್ತವೆ. ಅಣ್ಣನಿಗೆ ಬೇರೆ ಕೆಲಸವಿದ್ದರೆ ಅವನ ಲೆಕ್ಕ ಕೆಡುತ್ತದೆ. ತಮ್ಮನ ಕೈಯಲ್ಲಿ ದುಡಿದದ್ದಕ್ಕೆ ಒಂದು ಚೀಟಿಯೂ ಇರುವುದಿಲ್ಲ.

ಜಿಎಸ್‌ಟಿ ನೋಂದಣಿಯ ಚಿಂತೆ ಈ ಮಟ್ಟದ ದುಡಿಮೆಗೆ ಬೇಡ; ಮಿತಿ 20 ಲಕ್ಷ. ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆಯ ಕಲ್ಯಾಣ ಶುಲ್ಕವನ್ನು ಕಟ್ಟಬೇಕಾದದ್ದು ಕಂಪನಿ, ಸವಾರನಲ್ಲ. 2026ರ ಏಪ್ರಿಲ್ 1ರ ನಂತರದ ದುಡಿಮೆಗೆ ಹೊಸ ಆದಾಯ ತೆರಿಗೆ ಕಾಯ್ದೆ ಅನ್ವಯಿಸುವುದರಿಂದ ಕಲಮುಗಳ ಸಂಖ್ಯೆ ಬದಲಾಗಿದೆ.

ಈ ಯುವಕರಿಗೆ ನೆರವಾಗುವವರು ಮೊದಲು ಆದಾಯ ತೆರಿಗೆ ಜಾಲತಾಣದಲ್ಲಿ 26ಎಎಸ್ ತೆರೆದು ಹಿಡಿದ ಮೊತ್ತ ನೋಡಲಿ. ಬಳಿಕ ಪ್ಯಾನ್, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ಪರೀಕ್ಷಿಸಲಿ. ಒಂದು ಕಡೆ ತಂದೆಯ ಹೆಸರು ಸೇರಿ, ಇನ್ನೊಂದು ಕಡೆ ಬಿಟ್ಟುಹೋಗಿದ್ದರೂ ಮರುಪಾವತಿ ತಡೆಹಿಡಿಯಲ್ಪಡಬಹುದು.